ಬೆರಳು ಒಂದು ಕೇಳಿತು, ಬೆನ್ನು ಇನ್ನೊಂದು

ನಮ್ಮ ಕಡೆ ಹಳ್ಳಿಗಳಲ್ಲಿ ಯಾವ ಕೀಬೋರ್ಡ್ ಆದರೂ ಅದು 'ಕ್ಯಾಸಿಯೋ'ನೇ. ಮೇಲೆ ಯಾವ ಕಂಪನಿಯ ಹೆಸರು ಬೇಕಾದರೂ ಇರಲಿ. "ಕ್ಯಾಸಿಯೋದಾವ್ರು ಬಂದ್ರೇನ್ರೀ?" ಅಂತಲೇ ಕೇಳುತ್ತಾರೆ. ಸುಮಾರು 20 ವರ್ಷದಿಂದ ನಾನು ಹಾಗೆ 'ಕ್ಯಾಸಿಯೋದಾವ'. ಹಗಲು ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಲೆಕ್ಕ ಬರೆಯುತ್ತೇನೆ. ಶನಿವಾರ, ರವಿವಾರ, ಮದುವೆ ಸೀಸನ್, ಗಣೇಶ ಹಬ್ಬ ಬಂದರೆ ಆರ್ಕೆಸ್ಟ್ರಾ.

ಇಷ್ಟು ವರ್ಷ 61 ಕೀಗಳ ಕೀಬೋರ್ಡ್ ಸಾಕಾಗಿತ್ತು. ಸ್ಕೂಟರ್ ಮೇಲೆ ಮುಂದೆ ನಿಲ್ಲಿಸಿಕೊಂಡು ಟಿಳಕವಾಡಿಯಿಂದ ಕ್ಯಾಂಪ್‌ವರೆಗೆ ಒಯ್ದಿದ್ದೇನೆ. ತೊಂದರೆ ಶುರುವಾಗಿದ್ದು ಮಗಳು ಪಿಯಾನೋ ಕಲಿಯಲು ಹೋದಾಗ. ಮೂರು ತಿಂಗಳಾದ ಮೇಲೆ ಅವಳ ಟೀಚರ್ ನನ್ನನ್ನು ಕರೆದು ಮೆಲ್ಲಗೆ ಹೇಳಿದರು, "ಮನೇಲಿ ಹಗುರ ಕೀ ಮೇಲೆ ಪ್ರಾಕ್ಟೀಸ್ ಮಾಡ್ತಾಳೆ, ಇಲ್ಲಿ ಬಂದು ಒತ್ತಕ್ಕೆ ಆಗಲ್ಲ ಅವಳಿಗೆ." ಅದೇ ಹೊತ್ತಿಗೆ ನನಗೂ ಬೇರೆ ಥರದ ಕರೆ ಬರತೊಡಗಿದ್ದವು. ರಿಸೆಪ್ಷನ್‌ನಲ್ಲಿ ಡೋಲು, ಪ್ಯಾಡ್ ಏನೂ ಬೇಡ, ಒಬ್ಬ ಗಾಯಕ, ಒಂದು ಪಿಯಾನೋ, ಹಳೇ ಹಾಡು, ಅಷ್ಟೇ ಸಾಕು ಅನ್ನುವವರು. ಸರಿ, 88 ಕೀಗಳ ಒಂದೇ ಡಿಜಿಟಲ್ ಪಿಯಾನೋದಲ್ಲಿ ಎರಡೂ ಕೆಲಸ ಆಗಲಿ ಅಂದುಕೊಂಡೆ. 40 ಸಾವಿರ ಮೀರಬಾರದು ಅಂತ ಹೆಂಡತಿ ಗೆರೆ ಎಳೆದಳು.

ಮೊದಲು ನನ್ನ ತಲೆಯಲ್ಲಿದ್ದ ತಪ್ಪು ಲೆಕ್ಕ ಹೇಳಿಬಿಡುತ್ತೇನೆ. 61 ಕೀ ತಮ್ಮ, 88 ಕೀ ಅಣ್ಣ, ಅಣ್ಣ ಬಂದರೆ ತಮ್ಮನ ಕೆಲಸವನ್ನೂ ಮಾಡುತ್ತಾನೆ ಅಂತ ತಿಳಿದಿದ್ದೆ. ಹಾಗಲ್ಲ. ಕಡಿಮೆ ಬೆಲೆಯ ಡಿಜಿಟಲ್ ಪಿಯಾನೋದಲ್ಲಿ ತಾಳ ಇರಲ್ಲ, ಶಹನಾಯಿ ಇರಲ್ಲ, ಸ್ವರ ಜಾರಿಸುವ ಬೆಂಡ್ ವ್ಹೀಲ್ ಇರಲ್ಲ. ಸಿನಿಮಾ ಹಾಡಿನ ನಡುವೆ ಬರುವ ಕೊಳಲಿಗೆ ಮೀಂಡ್ ಎಲ್ಲಿಂದ ತರೋದು? ಪೆನ್‌ಡ್ರೈವ್‌ನಲ್ಲಿ ಇಂಡಿಯನ್ ಟೋನ್ ಹಾಕಿಸಿಕೊಳ್ಳುವ ಆಟವೂ ಇಲ್ಲಿ ನಡೆಯಲ್ಲ. ಅಂಥ ಪಿಯಾನೋದಲ್ಲಿ ಸಾಮಾನ್ಯವಾಗಿ ಹತ್ತು-ಹದಿನೈದು ಸದ್ದು ಇರುತ್ತವೆ. ಅದರಲ್ಲಿ ನಾವು ಬಳಸೋದು ಮೂರು. ಹಾಗಾಗಿ ಹಳೇ ಕೀಬೋರ್ಡ್ ಮಾರುವ ಯೋಚನೆ ಅಲ್ಲೇ ಬಿಟ್ಟೆ. ಅದನ್ನು ಮಾರಿ ಬಂದ ಹಣ ಇದಕ್ಕೆ ಸೇರಿಸೋಣ ಅಂತಿದ್ದೆ. ಅದೊಂದು ಒಳ್ಳೇ ಕೆಲಸ, ಮಾರಲಿಲ್ಲ.

ಬೆಳಗಾವಿ ಪೇಟಿಯ, ಅಂದರೆ ಹಾರ್ಮೋನಿಯಂನ ಊರು. ಪಂಡಿತ ರಾಂಭಾವು ವಿಜಾಪುರೆ ಅವರಂಥ ಹಾರ್ಮೋನಿಯಂ ಗುರುಗಳು ಬಾಳಿದ ಊರು. ನಾನೂ ಬೆರಳು ಇಟ್ಟಿದ್ದು ಮೊದಲು ಪೇಟಿ ಮೇಲೆ. ಪೇಟಿಯಲ್ಲಿ ಸದ್ದು ಜಾಸ್ತಿ ಕಡಿಮೆ ಮಾಡೋದು ತಿದಿ ಒತ್ತುವ ಕೈ. ಕೀ ಮೇಲಿನ ಬೆರಳು ಬರೀ ಸ್ವರ ತೋರಿಸುತ್ತದೆ. ಪಿಯಾನೋದಲ್ಲಿ ಎಲ್ಲವೂ ಬೆರಳಿನದೇ. ಎಷ್ಟು ವೇಗವಾಗಿ ಕೀ ಕೆಳಗೆ ಹೋಯಿತು ಅನ್ನೋದರ ಮೇಲೆ ಸದ್ದಿನ ಜೋರು ನಿಲ್ಲುತ್ತದೆ. ಅದಕ್ಕೇ ಡಿಜಿಟಲ್ ಪಿಯಾನೋದ ಕೀ ಹಿಂದೆ ಸಣ್ಣ ಸುತ್ತಿಗೆಯಂಥ ಭಾರ ಕೂರಿಸಿರುತ್ತಾರೆ. ಹ್ಯಾಮರ್ ಆಕ್ಷನ್ ಅಂದರೆ ಅದೇ. ಎಡಗಡೆ ಮಂದ್ರದ ಕೀ ಭಾರ, ಬಲಕ್ಕೆ ಹೋದ ಹಾಗೆ ಹಗುರ. 'ಸೆಮಿ ವೇಟೆಡ್' ಅಂತ ಬರೆದಿದ್ದರೆ ಅದು ಸ್ಪ್ರಿಂಗ್ ಆಟ. ಅಂಥದ್ದರಲ್ಲಿ ಮಗಳಿಗೆ ಮತ್ತೆ ಅದೇ ತೊಂದರೆ ಅನ್ನಿಸಿತು. 7 ಕೆಜಿ ಆಸುಪಾಸಿನ 88 ಕೀಗಳ ಮಾದರಿಗಳು ಸಿಗುತ್ತವೆ, ಎತ್ತಲು ಬಲು ಸುಖ. ಆದರೆ ಆ ಹಗುರ ಬರೋದೇ ಸುತ್ತಿಗೆ ತೆಗೆದುಹಾಕಿದ್ದರಿಂದ.

ಜಗಳ ಇಲ್ಲೇ. ಬೆರಳಿಗೆ ಭಾರ ಬೇಕು, ಬೆನ್ನಿಗೆ ಹಗುರ ಬೇಕು.

ಕೈಯಾರೆ ಒತ್ತಿ ನೋಡದೆ ಕೊಳ್ಳಬಾರದು ಅಂತ ಮೊದಲೇ ನಿಶ್ಚಯ ಮಾಡಿದ್ದೆ. ಪುಣೆಯಲ್ಲಿ ಸಂಬಂಧಿಕರ ಮದುವೆ ಇತ್ತು. ಊಟ ಮುಗಿಸಿ ಮಗಳನ್ನು ಕರಕೊಂಡು ಒಂದು ದೊಡ್ಡ ಅಂಗಡಿಗೆ ಹೋದೆ. ಎರಡು ಗಂಟೆ ಕೂತೆವು. ಅಂಗಡಿಯ ಹುಡುಗ ಪಾಲಿಫೋನಿ, ಸ್ಯಾಂಪಲ್ ಅಂತ ಹೇಳುತ್ತಲೇ ಇದ್ದ. ನಾನು ಮಾಡಿದ್ದು ಇಷ್ಟು. ಮೊದಲು ಸ್ವಿಚ್ ಆರಿಸಿ ಬರೀ ಕೀ ಒತ್ತಿದೆ, ಸದ್ದಿಲ್ಲದ ಪಿಯಾನೋ ಎಷ್ಟು 'ಠಕ್ ಠಕ್' ಅನ್ನುತ್ತದೆ ಅಂತ ಕೇಳಿಸಿಕೊಂಡೆ. ಆಮೇಲೆ ಒಂದೇ ಕೀ ಬೇಗ ಬೇಗ ಒತ್ತಿ, ಪೂರ್ತಿ ಮೇಲೆ ಬರುವ ಮೊದಲೇ ಮತ್ತೆ ನುಡಿಯುತ್ತದಾ ನೋಡಿದೆ. ಕರಿ ಕೀಗಳ ನಡುವೆ, ಒಳಗಿನ ತುದಿಯಲ್ಲಿ ಬಿಳಿ ಕೀ ಒತ್ತಿದೆ. ಪಿಯಾನೋ ತೆಳುವಾದಷ್ಟೂ ಆ ಜಾಗ ಗಟ್ಟಿಯಾಗುತ್ತದೆ, ಕಾರಣ ಕೀಯ ಕೀಲು ಹತ್ತಿರ ಬಂದಿರುತ್ತದೆ. ಕೊನೆಗೆ ಸುಮ್ನೆ ಪಕ್ಕಕ್ಕೆ ಸರಿದು ಮಗಳನ್ನು ಕೂರಿಸಿದೆ. ಅವಳು ಕ್ಲಾಸಿನ ಪಾಠವೊಂದನ್ನು ನಾಲ್ಕು ಪಿಯಾನೋ ಮೇಲೆ ನುಡಿಸಿದಳು. ಅವಳ ಮುಖ ನೋಡಿದರೆ ಸಾಕಿತ್ತು.

ಪಾಲಿಫೋನಿ ಬಗ್ಗೆ ಒಂದು ಮಾತು. ಒಂದೇ ಹೊತ್ತಿಗೆ ಎಷ್ಟು ಸ್ವರ ಉಳಿದು ನುಡಿಯಬಲ್ಲವು ಅನ್ನುವ ಲೆಕ್ಕ ಅದು. 64 ಇದ್ದರೆ ಕಡಿಮೆ ಅನ್ನುತ್ತಾರೆ. ಸ್ವರ ಉಳಿಸುವ ಪೆಡಲ್ ಒತ್ತಿಹಿಡಿದು ದೊಡ್ಡ ಪಾಶ್ಚಾತ್ಯ ಕೃತಿ ನುಡಿಸುವವರಿಗೆ ಅದು ಹೌದು. ಎಡಗೈಯಲ್ಲಿ ಕಾರ್ಡ್, ಬಲಗೈಯಲ್ಲಿ ಹಾಡು ಅನ್ನುವ ನಮ್ಮಂಥವರಿಗೆ 64 ಮುಗಿದು ಸ್ವರ ತುಂಡಾಗಿದ್ದು ನನಗೆ ಇನ್ನೂ ಕೇಳಿಸಿಲ್ಲ.

ತೂಕದ ಲೆಕ್ಕ ಮಾತ್ರ ಗಂಭೀರವಾಗಿ ಮಾಡಿದೆ. ಯಮಹಾ ಪಿ-45 ಅಂದರೆ 11.5 ಕೆಜಿ, ಅದರ ನಂತರದ ಪಿ-145 ಅಂದರೆ 11.1. ರೋಲ್ಯಾಂಡ್ ಎಫ್‌ಪಿ-10 ಅಂದರೆ 12.3. ಅದೇ ಕಂಪನಿಯ ಎಫ್‌ಪಿ-30ಎಕ್ಸ್ ಹೋಗಿ 14.8ಕ್ಕೆ ನಿಲ್ಲುತ್ತದೆ, ಬೆಲೆಯೂ ಗೆರೆ ದಾಟುತ್ತದೆ. ಕ್ಯಾಸಿಯೋ ಸಿಡಿಪಿ-ಎಸ್110 ಅಂದರೆ 10.5. ಕಾಗದದ ಮೇಲೆ ಎಲ್ಲಾ ಒಂದೇ ಥರ ಕಾಣುತ್ತವೆ, ಅಲ್ವಾ? ಅದಕ್ಕೆ ಬ್ಯಾಗ್ ಸೇರಿಸಿ, ಸ್ಟ್ಯಾಂಡ್ ಸೇರಿಸಿ, ಪೆಡಲ್, ಅಡಾಪ್ಟರ್, ವೈರು. ಸುಲಭವಾಗಿ 17-18 ಕೆಜಿ. ನಮ್ಮ ಮನೆ ಮೊದಲನೇ ಮಹಡಿ, ಮೆಟ್ಟಿಲು ಕಿರಿದು, ನಡುವೆ ಒಂದು ತಿರುವು. ಒಂದು ಸಂಜೆ 10 ಕೆಜಿ ಜೋಳದ ಹಿಟ್ಟಿನ ಚೀಲ ಒಂದು ಹೆಗಲಿಗೆ, ಹಳೇ ಸ್ಟ್ಯಾಂಡ್ ಇನ್ನೊಂದು ಕೈಗೆ ಹಿಡಿದು ನಾಲ್ಕು ಸಲ ಹತ್ತಿ ಇಳಿದೆ. ಕೆಳಗೆ ಕೂತಿದ್ದ ಅವ್ವ ಕೇಳಿದಳು, "ಹಿಟ್ಟ ಒಯ್ಯಾಕತ್ತೀಯೋ, ಹಿಟ್ಟಿನ ಮೆರವಣಿಗಿ ಮಾಡಾಕತ್ತೀಯೋ?" ಮಾಡಿ ನೋಡಿದ್ದರಿಂದಲೇ 12ರ ಮೇಲಿನವು ನನ್ನ ಪಟ್ಟಿಯಿಂದ ಹೋದವು. ಕೀ ವಿಷಯದಲ್ಲಿ ನನ್ನ ಬೆರಳಿಗೆ ಜಾಸ್ತಿ ಹಿಡಿಸಿದ್ದು ಎಫ್‌ಪಿ-10. ಅದನ್ನು ಬಿಟ್ಟದ್ದು ಬೆನ್ನಿನ ಮಾತು ಕೇಳಿ.

ಉದ್ದವನ್ನೂ ಅಳೆಯಬೇಕು. 88 ಕೀಗಳ ಈ ಪಿಯಾನೋಗಳೆಲ್ಲ ಸುಮಾರು 130 ಸೆಂಟಿಮೀಟರ್ ಇರುತ್ತವೆ. ನಮ್ಮ ಗೆಳೆಯರ ವ್ಯಾಗನ್‌ಆರ್‌ನಲ್ಲಿ ಹಿಂದಿನ ಸೀಟು ಮಡಚಿ ಟೇಪ್ ಹಿಡಿದು ನೋಡಿದೆ, ಉದ್ದಕ್ಕೆ ಮಲಗುತ್ತದೆ. ಆಟೋದಲ್ಲಿ ಓರೆಯಾಗಿ ನಿಲ್ಲಿಸಿ ಹಿಡಕೊಂಡು ಕೂರಬೇಕು, ತುದಿ ಹೊರಗೆ ಇಣುಕುತ್ತದೆ. ಸ್ಕೂಟರ್ ಮಾತು ಮರೆತುಬಿಡಿ. ಒಮ್ಮೆ ಗೋಕಾಕಕ್ಕೆ ಬಸ್ಸಿನಲ್ಲಿ ಒಯ್ದೆ. ಕಂಡಕ್ಟರ್ ಮೇಲಿಂದ ಕೆಳಗೆ ನೋಡಿ, "ಏನ್ರೀ ಇದು, ಹೆಣಾ ಹೊತ್ತಂಗ ಹೊತಗೊಂಡ ಬಂದೀರಿ?" ಅಂದ. ಲಗೇಜ್ ಚೀಟಿ ಹರಿದು ಕೊಟ್ಟ. ಇಳಿಯುವಾಗ ತಾನೇ ಒಂದು ತುದಿ ಹಿಡಿದ, ಅದನ್ನೂ ಹೇಳಬೇಕು.

ಇನ್ನು ಹಿಂಬದಿಯ ತೂತು. ಅಂಗಡಿಯಲ್ಲಿ ಇದನ್ನು ಯಾರೂ ತೋರಿಸಲ್ಲ, ನಾವೇ ಪಿಯಾನೋ ತಿರುಗಿಸಿ ನೋಡಬೇಕು. ಈ ಬೆಲೆಯವುಗಳಲ್ಲಿ ಮೈಕ್‌ಸೆಟ್‌ಗೆ ಕೊಡಲು ಬೇರೆ ಲೈನ್ ಔಟ್ ಹೆಚ್ಚಾಗಿ ಇರಲ್ಲ, ಇಯರ್‌ಫೋನ್ ತೂತಿನಿಂದಲೇ ತೆಗೆಯಬೇಕು. ಯಮಹಾದ ಎರಡರಲ್ಲೂ ಅದು ಪೇಟೆಯಲ್ಲಿ ಪಿ-38 ಅನ್ನುವ ದಪ್ಪ ಪಿನ್ನಿನದು. ಎಫ್‌ಪಿ-10 ಮತ್ತು ಸಿಡಿಪಿ-ಎಸ್110 ಎರಡರಲ್ಲೂ ಮೊಬೈಲ್ ಇಯರ್‌ಫೋನಿನ ಸಣ್ಣ ಪಿನ್ನು, ಅದಕ್ಕೆ ಇಪಿ ಅನ್ನುತ್ತಾರೆ. ವೇದಿಕೆ ಮೇಲೆ ಯಾರಾದರೂ ವೈರು ಎಡವಿದರೆ ಸಣ್ಣದೇ ಮೊದಲು ಹೋಗುವುದು. ಎಡ-ಬಲ ಎರಡೂ ಸದ್ದು ಒಂದೇ ತೂತಿನಲ್ಲಿ ಬರುವುದರಿಂದ, ಒಂದು ಕಡೆ ಇಪಿ, ಇನ್ನೊಂದು ಕಡೆ ಎರಡು ಪಿ-38 ಇರುವ ವೈರು ಬೇಕು. ಎರಡನ್ನೂ ಮಿಕ್ಸರ್‌ನ ಎರಡು ಚಾನೆಲ್‌ಗೆ ಕೊಡಬೇಕು. ಮೊದಲ ಕಾರ್ಯಕ್ರಮದಲ್ಲಿ ನಾನು ಸಾದಾ ಮೋನೋ ಪಿನ್ನು ಸಿಕ್ಕಿಸಿಕೊಂಡು ಒಂದೇ ಕಡೆಯ ಸದ್ದು ಕೊಟ್ಟು, ಮೇಲಿನ ಸ್ವರ ಯಾಕೆ ಸಣ್ಣಗೆ ಕೇಳುತ್ತಿದೆ ಅಂತ ಸೌಂಡಿನ ಹುಡುಗನ ಜೊತೆ ವಾದ ಮಾಡಿದ್ದೆ. ತಪ್ಪು ನನ್ನದೇ. ಆಮೇಲೆ ಅವನೇ, "ಅಣ್ಣಾ, ಡಿಐ ಬಾಕ್ಸ್ ಒಂದ್ ತಗೋರಿ, ಗುಂಯ್ ಅನ್ನೂದೂ ಹೊಕ್ಕೈತಿ" ಅಂದ. ಪಿಯಾನೋ ಮತ್ತು ಮಿಕ್ಸರ್ ನಡುವೆ ಹಾಕುವ ಸಣ್ಣ ಪೆಟ್ಟಿಗೆ ಅದು, ತಗೊಂಡೆ. ಜನರೇಟರ್ ಮೇಲೆ ನಡೆಯುವ ಪೆಂಡಾಲುಗಳಲ್ಲಿ ಆ ಗುಂಯ್ ನಿಜವಾಗಲೂ ನಿಂತಿತು. ಈಗ ಇಪಿ ವೈರನ್ನು ಸ್ಟ್ಯಾಂಡಿನ ಕಾಲಿಗೆ ಒಂದು ಸುತ್ತು ಹಾಕಿ ಟೇಪ್ ಹಚ್ಚುತ್ತೇನೆ. ಎಳೆತ ಬಿದ್ದರೆ ಕಾಲಿಗೆ ಬೀಳಲಿ, ತೂತಿಗೆ ಬೇಡ.

ಕೊನೆಗೆ ಕೊಂಡದ್ದು ಸಿಡಿಪಿ-ಎಸ್110. ತೂಕ ಒಂದು ಕಾರಣ. ಇನ್ನೊಂದು ಕಾರಣ ಆರು ಪೆನ್ಸಿಲ್ ಸೆಲ್. ಕರೆಂಟ್ ಇಲ್ಲದೆಯೂ ನಡೆಯುತ್ತದೆ. ಕರೆಂಟ್ ಹೋಗಿ ಜನರೇಟರ್ ಹಿಡಿದುಕೊಳ್ಳುವ ಆ ಅರ್ಧ ನಿಮಿಷ ಇದೆಯಲ್ಲ, ಅಡಾಪ್ಟರ್ ಮೇಲಿನ ಕೀಬೋರ್ಡ್ ಸತ್ತು, ಎದ್ದು, ಮತ್ತೆ ಮೊದಲ ಟೋನಿಗೆ ಹೋಗಿ ಕೂತಿರುತ್ತದೆ. ಗಾಯಕ ಬರೀ ಗಂಟಲಲ್ಲಿ ಹಾಡು ಎಳೆಯುತ್ತ ನನ್ನ ಕಡೆ ನೋಡುತ್ತಿರುತ್ತಾನೆ. ಈ ಅವಮಾನ ಎಷ್ಟು ಸಲ ಆಗಿದೆಯೋ. ಈಗ ಹೊಸ ಸೆಲ್ ಹಾಕಿಕೊಂಡೇ ಹೋಗುತ್ತೇನೆ. ಸ್ಪೀಕರ್ 8 ವಾಟಿನವು ಎರಡಿವೆ, ಮನೆಗೆ ಧಾರಾಳ. ತಬಲಾ ಪಕ್ಕದಲ್ಲಿ ಕೂತರೆ ನನಗೇ ಕೇಳಲ್ಲ, ಹಾಗಾಗಿ ರಿಹರ್ಸಲ್‌ಗೂ ಒಂದು ಸಣ್ಣ ಆಂಪ್ ಬೇಕೇಬೇಕು.

ಜೊತೆಗೆ ಬಂದ ಪ್ಲಾಸ್ಟಿಕ್ ಪೆಡಲ್ ಗ್ರಾನೈಟ್ ಮೇಲೆ ಜಾರಿ ಓಡುತ್ತಿತ್ತು. ಇಂಥ ಎಲ್ಲ ಪೆಡಲ್‌ಗಳದೂ ಇದೇ ಕತೆ. ಲೋಹದ ಭಾರದ ಪೆಡಲ್ ಬೇರೆ ತಂದೆ. ಹಾಕಿದರೆ ಉಲ್ಟಾ! ಕಾಲು ಎತ್ತಿದರೆ ಸದ್ದು ಹರಿಯುತ್ತದೆ, ಒತ್ತಿದರೆ ನಿಲ್ಲುತ್ತದೆ. ಕೆಟ್ಟಿದೆ ಅಂತ ವಾಪಸ್ ಕೊಡಲು ಹೊರಟಿದ್ದೆ. ಮಗಳು ಅದನ್ನು ತಿರುಗಿಸಿ ನೋಡಿ, "ಪಪ್ಪಾ, ಇಲ್ಲೊಂದ್ ಸಣ್ಣ ಸ್ವಿಚ್ ಐತಿ" ಅಂದಳು. ಬೇರೆ ಬೇರೆ ಕಂಪನಿಗಳ ಪಿಯಾನೋ ಪೆಡಲನ್ನು ಬೇರೆ ಬೇರೆ ಥರ ಓದುತ್ತವೆ. ಆ ಸ್ವಿಚ್ ಇರುವ ಪೆಡಲನ್ನೇ ಕೊಳ್ಳಿ.

ಈ ಥರದ ಪಿಯಾನೋಗಳಲ್ಲಿ ಪರದೆ ಇರಲ್ಲ. ಒಂದು ಫಂಕ್ಷನ್ ಬಟನ್ ಹಿಡಿದು ಕೀ ಒತ್ತಿ ಟ್ರಾನ್ಸ್‌ಪೋಸ್ ಮಾಡಬೇಕು, ಅಂದರೆ ಶ್ರುತಿ ಏರಿಸಬೇಕು ಇಲ್ಲವೇ ಇಳಿಸಬೇಕು. ಈಗ ಎಷ್ಟರಲ್ಲಿದೆ ಅಂತ ಕಣ್ಣಿಗೆ ಕಾಣಲ್ಲ. ನಮ್ಮ ಗಾಯಕ ಹಾಡುವ ಪಟ್ಟಿ (ಶ್ರುತಿ) ಕರಿ ಒಂದು, ಅಂದರೆ ಮೊದಲ ಕರಿ ಕೀ, ಗಾಯಕಿಯದು ಕರಿ ಐದು. ಒಂದು ರಿಸೆಪ್ಷನ್‌ನಲ್ಲಿ ಗಾಯಕರ ಹಾಡು ಮುಗಿದು ಗಾಯಕಿಯದು ಶುರು. ನಾನು ಇಳಿಸಲು ಮರೆತೆ. ಮೂರು ಪಟ್ಟಿ ಮೇಲೆ ಹೊಡೆದೆ. ಅವರು ಮೈಕ್ ಕೆಳಗಿಳಿಸಿ ನಗುತ್ತಲೇ, "ಲತಾ ಅಂತ ತಿಳಿದೀರೇನು ನನ್ನ?" ಅಂದರು. ಮುಂದಿನ ಸಾಲಿನವರೂ ನಕ್ಕರು. ಅಂದಿನಿಂದ ಟ್ರಾನ್ಸ್‌ಪೋಸ್ ಬದಲಾದಾಗಲೆಲ್ಲ ಒಂದು ಬಣ್ಣದ ಕಾಗದದ ಚೀಟಿ ಪಿಯಾನೋ ಮೇಲೆ ಸರಿಸುತ್ತೇನೆ. ಒಳ್ಳೇ ಉಪಾಯ ಅಂದರೆ ಎಲ್ಲ ಪಟ್ಟಿಯಲ್ಲೂ ಕೈಯಾರೆ ನುಡಿಸಲು ಕಲಿಯೋದು. ಕಲಿಯುತ್ತಿದ್ದೇನೆ, ನಿಧಾನವಾಗಿ.

ಭಜನೆಗೆ ಮಾತ್ರ ಇದನ್ನು ಒಯ್ಯಬೇಡಿ. ಒಮ್ಮೆ ಆಸೆಗೆ ಒಯ್ದೆ. ಎಲ್ಲರೂ ಜಮಖಾನೆ ಮೇಲೆ. ಎರಡು ಮಣೆ ಇಟ್ಟು ಅದರ ಮೇಲೆ ಪಿಯಾನೋ ಇಟ್ಟೆ. ಮೊಣಕಾಲು ಕೆಳಗೆ ತೂರಲ್ಲ, ಪೆಡಲ್ ಒತ್ತಲು ಕಾಲೇ ಇಲ್ಲ. ಮೇಲಾಗಿ ಹಿಂದೂಸ್ತಾನಿ ಕಿವಿಗಳ ನಡುವೆ ಪಿಯಾನೋದ ಗಾಂಧಾರ ಸ್ವಲ್ಪ ಮೇಲೆ ನಿಂತ ಹಾಗೆ ಕೇಳುತ್ತದೆ. ಹನ್ನೆರಡು ಸ್ವರಗಳನ್ನೂ ಸಮ ಅಂತರದಲ್ಲಿ ಕೂರಿಸುವ ಸಮ ಶ್ರುತಿಯಲ್ಲಿ ಆ ಸ್ವರ ಶುದ್ಧ ಗಾಂಧಾರಕ್ಕಿಂತ ಸುಮಾರು 14 ಸೆಂಟ್ ಏರು (ಒಂದು ಕೀಯಿಂದ ಪಕ್ಕದ ಕೀಗೆ 100 ಸೆಂಟ್). ಪೇಟಿಗೂ ಇದೇ ಆರೋಪ ಇತ್ತು, ಆಕಾಶವಾಣಿ 1940ರಲ್ಲಿ ಅದನ್ನು ಹೊರಗಿಟ್ಟಾಗ ಹೇಳಿದ ಕಾರಣಗಳಲ್ಲಿ ಇದೂ ಒಂದು. ಪೇಟಿಯನ್ನಾದರೂ ಬೇಕಾದ ಶ್ರುತಿಗೆ ಕೂರಿಸಬಹುದು. ನನ್ನ ಪಿಯಾನೋ ಮಾತ್ರ ತನ್ನ ಹಟ ಬಿಡಲ್ಲ.

ಮನೆಯಲ್ಲಿ ಮಗಳು ರಾತ್ರಿ ಇಯರ್‌ಫೋನ್ ಹಾಕಿಕೊಂಡು ನುಡಿಸುತ್ತಾಳೆ. ಯಾರಿಗೂ ತೊಂದರೆ ಇಲ್ಲ ಅಂದುಕೊಂಡಿದ್ದೆ. ಮೂರನೇ ದಿನ ಕೆಳಗಿನಿಂದ ಅವ್ವನ ದನಿ, "ಮ್ಯಾಲ ಏನ್ ಕುಟ್ಟಾಕತ್ತೀರಿ ಇಷ್ಟೊತ್ತಿನ್ಯಾಗ, ಮಸಾಲಿನೇನು?" ಕೀ ಬೀಳುವ ಸದ್ದು ಸ್ಟ್ಯಾಂಡಿನ ಕಾಲಿನಿಂದ ನೆಲಕ್ಕೆ ಇಳಿಯುತ್ತಿತ್ತು. ಹಳೇ ಗಾದಿಯೊಂದನ್ನು ಮಡಚಿ ಸ್ಟ್ಯಾಂಡಿನ ಕೆಳಗೆ ಹಾಕಿದೆ, ನಿಂತಿತು. ಸ್ಟ್ಯಾಂಡ್ ಡಬಲ್ ಎಕ್ಸ್ ಇರಲಿ. ಒಂಟಿ ಎಕ್ಸ್ ಮೇಲೆ ಅವಳು ಜೋರಾಗಿ ನುಡಿಸಿದರೆ ಪಿಯಾನೋ ತೊಟ್ಟಿಲಿನ ಹಾಗೆ ತೂಗುತ್ತದೆ. ನಮ್ಮೂರ ಮಳೆಗಾಲದ ತೇವಕ್ಕೆ ಮೇಲೊಂದು ಬಟ್ಟೆ, ಬ್ಯಾಗಿನಲ್ಲಿ ಎರಡು ಸಿಲಿಕಾ ಪೊಟ್ಟಣ.

ಈ ಗಣೇಶ ಹಬ್ಬಕ್ಕೆ ಮೂರು ಕಾರ್ಯಕ್ರಮ ಒಪ್ಪಿಕೊಂಡಿದ್ದೇನೆ. ಎರಡಕ್ಕೆ ಹಳೇ 61 ಕೀಗಳದು, ಸ್ಕೂಟರ್ ಮೇಲೆ. ಮೂರನೆಯದು ಹಳೇ ಹಾಡುಗಳದು, ಅದಕ್ಕೆ 88. ಆ ವಾರ ಕ್ಲಾಸಿನಲ್ಲಿ ಟೆಸ್ಟ್ ಇಲ್ಲ ತಾನೇ ಅಂತ ಮಗಳನ್ನು ಎರಡು ಸಲ ಕೇಳಿಕೊಂಡಿದ್ದೇನೆ. ವ್ಯಾಗನ್‌ಆರ್ ಗೆಳೆಯನನ್ನು ಇನ್ನೂ ಕೇಳಬೇಕು.