ಚಕ್ರ ಯಾರದು? ಜರ್ಮನ್ ಹಳ್ಳಿಗಳ ಲಾಂಛನ ಬಿಡಿಸುವ ನನ್ನ ರೀತಿ

ಜರ್ಮನಿಯಲ್ಲಿ ಹತ್ತು ಸಾವಿರಕ್ಕೂ ಜಾಸ್ತಿ ಗೆಮೈಂಡೆಗಳಿವೆ. ಗೆಮೈಂಡೆ ಅಂದರೆ ಹೆಚ್ಚುಕಡಿಮೆ ನಮ್ಮ ಗ್ರಾಮ ಪಂಚಾಯ್ತಿ. ನಾನಿರುವ ರೈನ್‌ಲಾಂಡ್-ಫಾಲ್ಟ್ಸ್ ರಾಜ್ಯದಲ್ಲೇ ಸುಮಾರು 2,300 ಇವೆ. ಇನ್ನೂರು, ಮುನ್ನೂರು ಜನರ ಊರು ಇಲ್ಲಿ ಮಾಮೂಲು. ಐಫೆಲ್ ಬೆಟ್ಟಸೀಮೆಯ ಡೀರ್‌ಫೆಲ್ಡ್‌ನಲ್ಲಿ ಇರುವವರು ಹತ್ತರ ಆಸುಪಾಸು, ಆದರೂ ಅದು ಲೆಕ್ಕದಲ್ಲಿ ಒಂದು ಗೆಮೈಂಡೆ. 1969ರಿಂದ 1974ರವರೆಗೆ ನಡೆದ ಸುಧಾರಣೆಯಲ್ಲಿ ಕಚೇರಿ ಕೆಲಸವೆಲ್ಲ ಫೆರ್‌ಬಾಂಡ್ಸ್‌ಗೆಮೈಂಡೆ ಎಂಬ ಒಕ್ಕೂಟಗಳಿಗೆ ಹೋಯಿತು. ಊರಿನ ಸಭೆ, ಸಂಬಳವಿಲ್ಲದ ಮೇಯರ್, ಊರಿನ ಲಾಂಛನ ಮಾತ್ರ ಊರಲ್ಲೇ ಉಳಿದವು.

ಈ ಲಾಂಛನಗಳನ್ನು ಕಂಪ್ಯೂಟರಿನಲ್ಲಿ ಬಿಡಿಸುವುದು ನನ್ನ ಹವ್ಯಾಸ. ಹುನ್ಸ್‌ರುಕ್ ಸೀಮೆಯಲ್ಲಿ ಸೈಕಲ್ ಹೊಡೆಯುವಾಗ ಅಂಟಿದ ಚಟ. ಅಲ್ಲಿ ಎಮೆಲ್ಸ್‌ಹೌಸೆನ್‌ನಿಂದ ಸಿಮರ್ನ್ ಕಡೆಗೆ ಹಳೇ ರೈಲುದಾರಿಯ ಮೇಲೆ ಸೈಕಲ್ ಹಾದಿ ಮಾಡಿದ್ದಾರೆ. ಊರೂರಿನ ಸಮುದಾಯ ಭವನ, ಅಗ್ನಿಶಾಮಕ ಶೆಡ್ಡು, ಬಸ್ ನಿಲ್ದಾಣ, ಎಲ್ಲದರ ಮೇಲೂ ಒಂದು ಗುರಾಣಿ. ಸಿಂಹ, ಚಕ್ರ, ಚೌಕಳಿ, ಕೀಲಿಕೈ. ಮೊದಮೊದಲು ಸುಮ್ನೆ ಫೋಟೋ ಹಿಡಿಯುತ್ತಿದ್ದೆ. ಆಮೇಲೆ ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ಸಾಫ್ಟ್‌ವೇರ್ ಇಟ್ಟುಕೊಂಡು ಬಿಡಿಸಲು ಕೂತೆ.

ಈ ಕೆಲಸದಲ್ಲಿ ಫೋಟೋಗೆ ಬೆಲೆ ಕಡಿಮೆ. ಲಾಂಛನ ಅಂದರೆ ಚಿತ್ರ ಅಂತ ನಾವು ಅಂದುಕೊಳ್ಳುತ್ತೇವೆ, ಅಲ್ವಾ? ಇಲ್ಲಿ ಲಾಂಛನ ಅಂದರೆ ಒಂದು ವಾಕ್ಯ. ಪ್ರತಿ ಊರಿಗೂ ಹೌಪ್ಟ್‌ಸಾಟ್ಸುಂಗ್ ಎಂಬ ಮೂಲ ನಿಯಮಾವಳಿ ಇರುತ್ತದೆ. ಲಾಂಛನ, ಬಾವುಟ, ಮುದ್ರೆಗಳ ವರ್ಣನೆಯನ್ನು ಮೊದಲು ಅಲ್ಲೇ ಹುಡುಕಬೇಕು. ಅಲ್ಲಿಲ್ಲದಿದ್ದರೆ ಮೇಲಿನ ಕಚೇರಿ ಲಾಂಛನಕ್ಕೆ ಕೊಟ್ಟ ಒಪ್ಪಿಗೆ ಪತ್ರದಲ್ಲಿ ಸಿಗುತ್ತದೆ. ‘ಕಪ್ಪಿನ ಮೇಲೆ ಚಿನ್ನದ ಸಿಂಹ, ಉಗುರು ನಾಲಗೆ ಕಿರೀಟ ಕೆಂಪು’ ಅಂತಿದ್ದರೆ ಅಷ್ಟೇ ಕಾನೂನು. ಸಿಂಹದ ಬಾಲ ಎಷ್ಟು ಸುತ್ತಿರಬೇಕು, ಕೆಂಪು ಯಾವ ಛಾಯೆ, ಗುರಾಣಿಯ ತಳ ದುಂಡೋ ಚೂಪೋ, ಇವೆಲ್ಲ ಬಿಡಿಸುವವರ ಇಷ್ಟ. ಆದ್ದರಿಂದ ಒಂದೇ ಊರಿನ ಎರಡು ಚಿತ್ರ ಬೇರೆ ಬೇರೆ ಕಂಡರೂ ಎರಡೂ ಸರಿ ಇರಬಹುದು. ಅಗ್ನಿಶಾಮಕ ಶೆಡ್ಡಿನ ಗೋಡೆಯ ಮೇಲಿರುವುದು ಪೇಂಟರ್ ಕೈಚಳಕ. ಅದನ್ನು ನಕಲು ಮಾಡಿದರೆ ಪೇಂಟರನ್ನು ನಕಲು ಮಾಡಿದಂತೆ, ಊರಿನ ಲಾಂಛನವನ್ನಲ್ಲ.

ಆ ವಾಕ್ಯ ಓದುವಾಗ ಎರಡು ವಿಷಯ ತಲೆಯಲ್ಲಿರಬೇಕು. ಮೊದಲನೆಯದು, ಎಡ-ಬಲ ಉಲ್ಟಾ. ಬಲ ಅಂದರೆ ಗುರಾಣಿ ಹಿಡಿದು ನಿಂತವನ ಬಲ, ಅಂದರೆ ನೋಡುವ ನಮ್ಮ ಎಡ. ಎರಡನೆಯದು ಬಣ್ಣದ ನಿಯಮ. ಚಿನ್ನ ಮತ್ತು ಬೆಳ್ಳಿ ಲೋಹಗಳು. ಕೆಂಪು, ನೀಲಿ, ಕಪ್ಪು, ಹಸಿರು ಬಣ್ಣಗಳು. ಲೋಹದ ಮೇಲೆ ಬಣ್ಣ, ಬಣ್ಣದ ಮೇಲೆ ಲೋಹ. ಬಣ್ಣದ ಮೇಲೆ ಬಣ್ಣ ಕೂರಿಸಬಾರದು. ದೂರದಿಂದ ಕಾಣಲಿ ಅನ್ನೋದೇ ಇದರ ಹಿಂದಿನ ಕಾರಣ. ನನ್ನ ಚಿತ್ರದಲ್ಲಿ ಕಪ್ಪಿನ ಮೇಲೆ ನೀಲಿ ಕೂತಿತು ಅಂದರೆ ತಕ್ಷಣ ವಾಕ್ಯವನ್ನು ಮತ್ತೆ ಓದುತ್ತೇನೆ.

ಇನ್ನು ಅರ್ಥದ ವಿಷಯ. ನನಗೆ ರುಚಿ ಹತ್ತಿದ್ದು ಇಲ್ಲೇ. ತಾಮ್ರಪಟದ ಮುದ್ರೆಯಲ್ಲಿ ವರಾಹ ಕಂಡರೆ ಚಾಲುಕ್ಯರು ಅಂತ ನಾವು ಊಹಿಸುತ್ತೇವಲ್ಲ, ಇಲ್ಲೂ ಹಾಗೇ ಗುರಾಣಿಯ ಒಂದು ತುಂಡು ನೋಡಿ ಆ ಊರು ಹಿಂದೆ ಯಾರಿಗೆ ಕಂದಾಯ ಕಟ್ಟುತ್ತಿತ್ತು ಅಂತ ಹೇಳಬಹುದು. ಇದನ್ನು ಕಲಿಯಲು ರಾಜ್ಯದ ಲಾಂಛನವೇ ಸಾಕು. ರೈನ್‌ಲಾಂಡ್-ಫಾಲ್ಟ್ಸ್ ಗುರಾಣಿಯಲ್ಲಿ ಮೂರು ಭಾಗ. ಬೆಳ್ಳಿಯ ಮೇಲೆ ಕೆಂಪು ಶಿಲುಬೆ ಟ್ರಿಯರ್ ಆರ್ಚ್‌ಬಿಷಪ್‌ನದು (ಆಗ ಈ ಆರ್ಚ್‌ಬಿಷಪ್‌ಗಳೂ ದೊರೆಗಳ ಹಾಗೆ ಸೀಮೆ ಆಳುತ್ತಿದ್ದರು). ಕೆಂಪಿನ ಮೇಲೆ ಬೆಳ್ಳಿ ಚಕ್ರ ಮೈಂಟ್ಸ್ ಆರ್ಚ್‌ಬಿಷಪ್‌ನದು. ಕೆಳಗೆ ಕಪ್ಪಿನ ಮೇಲಿನ ಚಿನ್ನದ ಸಿಂಹ ಫಾಲ್ಟ್ಸ್ ದೊರೆಯದು. ಈ ಮೂರನ್ನು ಗುರುತಿಟ್ಟುಕೊಂಡರೆ ಎಷ್ಟೋ ಹಳ್ಳಿಗಳ ಗುರಾಣಿ ಅರ್ಧ ಓದಿದ ಹಾಗೆ.

ಹುನ್ಸ್‌ರುಕ್‌ನಲ್ಲಿ ಇದಕ್ಕೆ ಚೌಕಳಿ ಸೇರುತ್ತದೆ. ಈ ಸೀಮೆ ಆಳಿದ ಶ್ಪೋನ್‌ಹೈಮ್ ವಂಶದ ಕೌಂಟ್‌ಗಳ, ಅಂದರೆ ಸಣ್ಣ ದೊರೆಗಳ, ಚಿಹ್ನೆ ಚದುರಂಗದ ಹಾಸಿನಂಥ ಚೌಕಳಿ. ಅವರ ಸೀಮೆ ಎರಡು ಪಾಲಾಗಿತ್ತು: ಮುಂದಿನ ಶ್ಪೋನ್‌ಹೈಮ್‌ಗೆ ನೀಲಿ-ಚಿನ್ನ, ಹಿಂದಿನ ಶ್ಪೋನ್‌ಹೈಮ್‌ಗೆ ಕೆಂಪು-ಬೆಳ್ಳಿ. ಆ ವಂಶ 1437ರಲ್ಲೇ ನಿಂತುಹೋಯಿತು. ಸೀಮೆಯ ಹೆಸರು ಮಾತ್ರ 1790ರ ದಶಕದಲ್ಲಿ ಫ್ರೆಂಚರು ಬರುವವರೆಗೂ ನಡೆಯಿತು. ಇವತ್ತು ಬೇಕರಿಯೂ ಇಲ್ಲದ ಊರೊಂದು ತನ್ನ ಬಸ್ ನಿಲ್ದಾಣದ ಮೇಲೆ ಆ ಚೌಕಳಿ ಬರೆಸಿಕೊಂಡಿರುತ್ತದೆ. ಬಿಡಿಸುವಾಗ ಚೌಕ ಎಷ್ಟು ಅಂತ ವಾಕ್ಯದಲ್ಲಿ ಹಲವು ಸಲ ಇರುವುದೇ ಇಲ್ಲ. ಸಾಲುಗಳ ಸಂಖ್ಯೆ ಹೇಳಿದ್ದರೆ ಅಷ್ಟೇ ಹಾಕುತ್ತೇನೆ. ಹೇಳದಿದ್ದರೆ ಸಣ್ಣದಾಗಿ ಮುದ್ರಿಸಿದಾಗಲೂ ಎದ್ದು ಕಾಣುವಷ್ಟು ದೊಡ್ಡ ಚೌಕ ಹಾಕುತ್ತೇನೆ.

ಎಲ್ಲಕ್ಕಿಂತ ತಲೆ ತಿನ್ನುವುದು ಚಕ್ರ. ಮೈಂಟ್ಸ್ ಚಕ್ರಕ್ಕೆ ಆರು ಅರೆ (ಕಡ್ಡಿ), ಬೆಳ್ಳಿ ಬಣ್ಣ, ಕೆಂಪು ನೆಲ. ಆದರೆ ಊರಿನ ಚರ್ಚು ಸಂತ ಕ್ಯಾಥರೀನ್‌ಳದಾದರೆ ಅವಳ ಚಕ್ರವೂ ಇರುತ್ತದೆ. ಅವಳನ್ನು ಚಕ್ರಕ್ಕೆ ಕಟ್ಟಿ ಕೊಲ್ಲಲು ಹೊರಟರು ಅಂತ ಕಥೆ. ಹಾಗಾಗಿ ಅದರ ಅಂಚಿಗೆ ಚೂರಿ ಇರುತ್ತದೆ, ಇಲ್ಲವೇ ಚಕ್ರ ಮುರಿದಿರುತ್ತದೆ. ಹಳ್ಳದ ಪಕ್ಕದ ಊರಾದರೆ ಅದು ನೀರುಗಿರಣಿಯ ಚಕ್ರ. ಹೊರಗೆ ಹಲಗೆಗಳು ಚಾಚಿಕೊಂಡಿರುತ್ತವೆ. ಹಳೇ ಸಾಗಾಟದ ದಾರಿಯ ಊರಾದರೆ ಗಾಡಿಚಕ್ರ. ವಾಕ್ಯದಲ್ಲಿ ಬರೀ ‘ಚಕ್ರ’ ಅಂತ ಇದ್ದು ನೆಲ ಹಸಿರಾಗಿದ್ದರೆ? ಆಗ ನಾನು ಮೂರು ಕಡೆ ನೋಡುತ್ತೇನೆ. ಚರ್ಚಿನ ಸಂತ ಯಾರು, ಹಳೇ ನಕ್ಷೆಯಲ್ಲಿ ಗಿರಣಿ ಇತ್ತಾ, ಊರು ಯಾವ ದೊರೆಯ ಕೈಲಿತ್ತು. ಸಾಮಾನ್ಯವಾಗಿ ಎರಡನೇ ಜಾಗಕ್ಕೆ ಬರುವಷ್ಟರಲ್ಲಿ ಉತ್ತರ ಸಿಕ್ಕಿರುತ್ತದೆ.

ಸಂತರು ಗೊತ್ತಿದ್ದರೆ ಕೆಲಸ ಸಲೀಸು. ಕೀಲಿಕೈ ಪೀಟರ್‌ನದು, ಕಬ್ಬಿಣದ ಜಾಲರಿ ಲಾರೆನ್ಸ್‌ನದು, ಓರೆ ಶಿಲುಬೆ ಆಂಡ್ರ್ಯೂನದು. ಅಡ್ಡಲಾಗಿಟ್ಟ ಎರಡು ಸುತ್ತಿಗೆ ಕಂಡರೆ ಗಣಿ. ಹುನ್ಸ್‌ರುಕ್‌ನಲ್ಲಿ ಬಹುಮಟ್ಟಿಗೆ ಸ್ಲೇಟ್ ಕಲ್ಲಿನ ಗಣಿ ನೆನಪಾಗುತ್ತದೆ.

ಇವೆಲ್ಲ ಮಧ್ಯಯುಗದಿಂದ ಬಂದ ಗುರಾಣಿಗಳು ಅಂದುಕೊಳ್ಳಬೇಡಿ. ಚಿಹ್ನೆ ಹಳೇದು, ಗುರಾಣಿ ಹೊಸದು. ಸಣ್ಣ ಊರುಗಳಲ್ಲಿ ಎಷ್ಟೋ ಲಾಂಛನಗಳು ಎರಡನೇ ಮಹಾಯುದ್ಧದ ನಂತರದವು. ಊರಸಭೆ ತೀರ್ಮಾನ ಮಾಡುತ್ತದೆ, ಬಲ್ಲವರೊಬ್ಬರು ಬಿಡಿಸುತ್ತಾರೆ, ಪತ್ರಾಗಾರದವರು ಅಭಿಪ್ರಾಯ ಕೊಡುತ್ತಾರೆ, ಮೇಲಿನ ಕಚೇರಿ ಒಪ್ಪಿಗೆ ಹಾಕುತ್ತದೆ. ಅಕ್ಷರ, ಇಸವಿ, ನಿಸರ್ಗದ ದೃಶ್ಯ ಬೇಡ ಅಂತ ಪತ್ರಾಗಾರದವರು ಹೇಳುವುದು ವಾಡಿಕೆ. ನನಗಂತೂ ಆ ಬಿಗಿ ಇಷ್ಟ. ಇಲ್ಲದಿದ್ದರೆ ಪ್ರತಿ ಗುರಾಣಿಯಲ್ಲೂ ಚರ್ಚು, ಗುಡ್ಡ, ಸೂರ್ಯ ಬಂದು ಕೂರುತ್ತಿದ್ದವು.

ಕೆಲವು ಸಲ ಕೈಗೆ ಸಿಗುವುದು ಕಪ್ಪು-ಬಿಳುಪು ಮುದ್ರೆ ಮಾತ್ರ. ಆಗ ಗೆರೆ ನೋಡಬೇಕು. 17ನೇ ಶತಮಾನದಿಂದ ಒಂದು ಪದ್ಧತಿ ಇದೆ. ಚುಕ್ಕಿ ಇದ್ದರೆ ಚಿನ್ನ, ಖಾಲಿ ಇದ್ದರೆ ಬೆಳ್ಳಿ, ಉದ್ದ ಗೆರೆ ಕೆಂಪು, ಅಡ್ಡ ಗೆರೆ ನೀಲಿ, ಓರೆ ಗೆರೆ ಹಸಿರು. ಉದ್ದ-ಅಡ್ಡ ಎರಡೂ ಇದ್ದರೆ ಕಪ್ಪು. ಬೆಳ್ಳಿ ಮೇಲೆ ಶಿಲುಬೆ ಇದ್ದು ಬಣ್ಣ ಗೊತ್ತಾಗದಿದ್ದರೆ ಇದೇ ಗತಿ. ಕೆಂಪಾದರೆ ಟ್ರಿಯರ್ ಆರ್ಚ್‌ಬಿಷಪ್, ಕಪ್ಪಾದರೆ ಕೊಲೋನ್ ಆರ್ಚ್‌ಬಿಷಪ್. ಇತಿಹಾಸವೇ ಬೇರೆ ಆಗಿಬಿಡುತ್ತದೆ.

ಬಾವುಟದ ಕಥೆ ಬೇರೆ. ಲಾಂಛನ ಇದ್ದ ಮಾತ್ರಕ್ಕೆ ಬಾವುಟ ಇರಬೇಕೆಂದಿಲ್ಲ. ಸಮುದಾಯ ಭವನದ ಮುಂದೆ ಹಾರುತ್ತಿರುವುದು ಅಂಗಡಿಯವರು ಎರಡು ಬಣ್ಣದ ಪಟ್ಟಿ ಹಾಕಿ, ಮೇಲೆ ಗುರಾಣಿ ಅಚ್ಚು ಹಾಕಿ ಕೊಟ್ಟ ಬಟ್ಟೆಯಾಗಿರಬಹುದು. ಅದಕ್ಕೆ ನನ್ನ ನಿಯಮ ಸರಳ. ಕಾಗದದಲ್ಲಿ ಇಲ್ಲದ ಬಾವುಟವನ್ನು ಅಧಿಕೃತ ಅಂತ ಬಿಡಿಸುವುದಿಲ್ಲ. ಇದ್ದರೆ ಅಡ್ಡಡ್ಡವೋ ಉದ್ದುದ್ದವೋ ನೋಡುತ್ತೇನೆ. ಇಲ್ಲಿ ಉದ್ದಕ್ಕೆ ಇಳಿಬಿಡುವ ಬಾವುಟವೇ ಜಾಸ್ತಿ. ಅಡ್ಡ ಬಾವುಟವನ್ನು ಸುಮ್ನೆ ತಿರುಗಿಸಿದರೆ ಸಿಂಹ ಮಲಗಿಬಿಡುತ್ತದೆ. ಪಟ್ಟಿ ಉದ್ದಕ್ಕೆ ಹೋಗಬೇಕು, ಗುರಾಣಿ ನೇರವಾಗಿ ಮೇಲ್ಭಾಗದಲ್ಲಿ ನಿಲ್ಲಬೇಕು.

ಬಾವುಟದಲ್ಲಿ ನನ್ನ ಮೆಚ್ಚಿನವರು ಉತ್ತರದ ಶ್ಲೆಸ್ವಿಗ್-ಹೋಲ್‌ಸ್ಟೈನ್‌ನವರು. ಅಲ್ಲಿಯ ರಾಜ್ಯ ಪತ್ರಾಗಾರ ಊರುಗಳ ಲಾಂಛನ ಮತ್ತು ಬಾವುಟಗಳ ಪಟ್ಟಿ ಇಟ್ಟಿದೆ. ವರ್ಣನೆ, ವಿವರಣೆ, ಚಿತ್ರ ಒಂದೇ ಕಡೆ ಸಿಗುತ್ತವೆ. ಅಲ್ಲಿ ಎಷ್ಟೋ ಊರುಗಳು ಗುರಾಣಿಯನ್ನು ಬಿಟ್ಟು ಒಳಗಿನ ಆಕೃತಿಗಳನ್ನಷ್ಟೇ ಬಟ್ಟೆಯ ಮೇಲೆ ಹರಡುತ್ತವೆ. ಆಕೃತಿಯನ್ನು ಕಂಬದ ಕಡೆಗೆ ಸ್ವಲ್ಪ ಸರಿಸಿ ಅಂತಲೂ ಬರೆದಿರುತ್ತಾರೆ. ಗಾಳಿಗೆ ಬಟ್ಟೆ ಮಡಚಿದರೂ ಆಕೃತಿ ಕಾಣುತ್ತದೆ. ಅದೇ ರಾಜ್ಯದ ಹೆಲ್ಗೋಲಾಂಡ್ ದ್ವೀಪದ್ದು ಇನ್ನೂ ಸರಳ. ಹಸಿರು, ಕೆಂಪು, ಬಿಳಿ, ಮೂರೇ ಪಟ್ಟಿ. ನೆಲ ಹಸಿರು, ಬಂಡೆಯ ಅಂಚು ಕೆಂಪು, ಮರಳು ಬಿಳಿ ಅಂತ ಅಲ್ಲಿಯ ಮಕ್ಕಳೂ ಹಾಡುತ್ತಾರೆ. ಹಸಿರಿನ ಪಕ್ಕ ಕೆಂಪು ಬಂದಿದೆ, ಬಣ್ಣದ ನಿಯಮದವರು ಮೂಗು ಮುರಿಯಬಹುದು. ನನಗೆ ಚೆನ್ನಾಗಿಯೇ ಕಾಣುತ್ತದೆ.

ಬಿಡಿಸಿದ ಮೇಲೆ ಸ್ನೇಹಿತರು ಕೇಳುವ ಪ್ರಶ್ನೆ ಒಂದೇ: ಇದನ್ನು ಟೀ ಶರ್ಟ್ ಮೇಲೆ ಹಾಕಬಹುದಾ? ಅಧಿಕೃತ ಲಾಂಛನಕ್ಕೆ ಜರ್ಮನ್ ಕೃತಿಸ್ವಾಮ್ಯ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಕೃತಿಸ್ವಾಮ್ಯ ಇಲ್ಲ ಅಂತ ಸಾಮಾನ್ಯವಾಗಿ ಒಪ್ಪುತ್ತಾರೆ. ಅದಕ್ಕೇ ಮಾಹಿತಿಗಾಗಿ ತೋರಿಸಲು ಅಡ್ಡಿಯಿಲ್ಲ. ಆದರೆ ಲಾಂಛನ ಊರಿನ ಹೆಸರಿದ್ದ ಹಾಗೆ. ಸಿವಿಲ್ ಸಂಹಿತೆಯ 12ನೇ ಸೆಕ್ಷನ್ ಹೆಸರನ್ನು ಕಾಯುತ್ತದೆ, ಲಾಂಛನಕ್ಕೂ ಅದೇ ರಕ್ಷಣೆ. ಸರಕಿನ ಮೇಲೆ ಹಾಕಬೇಕಾದರೆ ಊರಿನ ಒಪ್ಪಿಗೆ ಬೇಕು. ನಾನು ಮೇಯರ್‌ಗೆ ಎರಡು ಸಾಲು ಬರೆದು, ಚಿತ್ರ ಲಗತ್ತಿಸಿ, ಎಲ್ಲಿ ಬಳಸುತ್ತೇನೆ ಅಂತ ಹೇಳುತ್ತೇನೆ. ಅವರು ಹಗಲು ಬೇರೆ ಕೆಲಸದಲ್ಲಿರುತ್ತಾರೆ, ಉತ್ತರ ರಾತ್ರಿ ಬರುತ್ತದೆ. ಜೊತೆಗೆ ಹಲವರು ಕೇಳುವುದುಂಟು: ಈ ಫೈಲ್ ನಮಗೂ ಕೊಡ್ತೀರಾ, ನಮ್ಮ ಹತ್ತಿರ ಇರುವುದು ಮಸುಕಾದ ಸ್ಕ್ಯಾನ್ ಮಾತ್ರ.