ಓಪನ್‌ಬಾಕ್ಸ್‌ಗೆ ಆ್ಯಪ್ ಮೆನು ಸೇರಿಸುವುದು ಹೇಗೆ?

ಲಿನಕ್ಸ್‌ನ ಹಗುರ ವಿಂಡೋ ಮ್ಯಾನೇಜರ್ (ವಿಂಡೋಗಳನ್ನು ನೋಡಿಕೊಳ್ಳುವ ಪ್ರೋಗ್ರಾಮ್) ಆದ ಓಪನ್‌ಬಾಕ್ಸ್ ಹಾಕಿಕೊಂಡ ಮೊದಲ ದಿನ ಖಾಲಿ ಪರದೆ ನೋಡಿ ಖುಷಿ. ಎರಡನೇ ದಿನ ರೈಟ್ ಕ್ಲಿಕ್ ಮಾಡಿದರೆ ಹೊಸದಾಗಿ ಹಾಕಿದ ಆ್ಯಪ್ ಮೆನುವಿನಲ್ಲಿ ಇಲ್ಲವೇ ಇಲ್ಲ. ಆಗ ಹೆಚ್ಚಿನವರು ಒಂದೊಂದೇ ಹೆಸರನ್ನು ಕೈಯಲ್ಲಿ ಬರೆಯಲು ಕೂರುತ್ತಾರೆ. ಹಾಗೆ ಬರೆದ ಪಟ್ಟಿ ಒಂದು ತಿಂಗಳಲ್ಲಿ ಹಳೆಯದಾಗುತ್ತದೆ. ದಯವಿಟ್ಟು ಆ ದಾರಿ ಬೇಡ. ನಿಮ್ಮ ಸಿಸ್ಟಮ್‌ನಲ್ಲಿ ಆ ಪಟ್ಟಿ ಆಗಲೇ ಇದೆ: ಆ್ಯಪ್‌ಗಳ ಹೆಸರು, ಕಮಾಂಡ್ ಇರುವ ಡೆಸ್ಕ್‌ಟಾಪ್ ಫೈಲ್‌ಗಳು /ಯುಎಸ್‌ಆರ್/ಶೇರ್/ಅಪ್ಲಿಕೇಶನ್ಸ್ ಫೋಲ್ಡರ್‌ನಲ್ಲಿ ಕೂತಿರುತ್ತವೆ. ಅದನ್ನೇ ಮೆನುವಿಗೆ ಜೋಡಿಸಬೇಕು, ಅಷ್ಟೇ.

ಮೊದಲು /ಇಟಿಸಿ/ಎಕ್ಸ್‌ಡಿಜಿ/ಓಪನ್‌ಬಾಕ್ಸ್‌ನಲ್ಲಿರುವ ಮೆನು ಡಾಟ್ ಎಕ್ಸ್‌ಎಂಎಲ್ ಫೈಲನ್ನು ನಿಮ್ಮ ಹೋಮ್‌ನ ಡಾಟ್ ಕಾನ್ಫಿಗ್ ಒಳಗಿನ ಓಪನ್‌ಬಾಕ್ಸ್ ಫೋಲ್ಡರ್‌ಗೆ ಕಾಪಿ ಮಾಡಿ.

ಎರಡನೆಯದು, ಪಟ್ಟಿ ತಯಾರಿಸುವ ಟೂಲ್. ಆರ್ಚ್ ಲಿನಕ್ಸ್ ಬಳಸುವವರಿಗೆ ಆರ್ಚ್‌ಲಿನಕ್ಸ್-ಎಕ್ಸ್‌ಡಿಜಿ-ಮೆನು ಪ್ಯಾಕೇಜ್ ಸಾಕು. ಒಬಿಮೆನು ಎಂಬ ಹಳೆಯ ಎಡಿಟರ್ ಹಿಂದೆ ಹೋಗಬೇಡಿ. ಅದು ಪೈಥಾನ್ 2ಕ್ಕೆ ಬರೆದದ್ದು, ಪೈಥಾನ್ 2ರ ಬೆಂಬಲ 2020ರಲ್ಲೇ ನಿಂತಿದೆ.

ಈಗ ಎಲ್ಲರೂ ಎಡವುವ ಜಾಗಕ್ಕೆ ಬಂದೆವು: ಪೈಪ್ ಮೆನು. ಮೆನು ತೆರೆದ ಕ್ಷಣಕ್ಕೆ ಓಪನ್‌ಬಾಕ್ಸ್ ಒಂದು ಕಮಾಂಡ್ ಓಡಿಸಿ, ಅದು ಕೊಟ್ಟ ಪಟ್ಟಿಯನ್ನೇ ತೋರಿಸುತ್ತದೆ. ಮೆನು ಫೈಲ್‌ನಲ್ಲಿ ‘ರೂಟ್-ಮೆನು’ ಎಂಬ ಐಡಿ ಇರುವ ಭಾಗ ಹುಡುಕಿ. ಅದರ ಒಳಗೆ ಹೊಸ ಮೆನು ಟ್ಯಾಗ್ ಹಾಕಿ, ಐಡಿ, ಲೇಬಲ್, ಎಕ್ಸಿಕ್ಯೂಟ್ ಮೂರನ್ನೂ ಕೊಡಿ. ಟ್ಯಾಗ್ ಕೊನೆಯ ಓರೆಗೆರೆ (/) ಮರೆಯಬೇಡಿ. ಆ ಒಂದು ಗೆರೆ ಬಿಟ್ಟು, ಇಡೀ ಮೆನು ಮಾಯವಾಯಿತೆಂದು ಒದ್ದಾಡಿದವರನ್ನು ತುಂಬಾ ನೋಡಿದ್ದೇನೆ.

ಎಕ್ಸಿಕ್ಯೂಟ್‌ನಲ್ಲಿ ಎಕ್ಸ್‌ಡಿಜಿ_ಮೆನು ಕಮಾಂಡ್ ಬರೆಯಿರಿ. ಫಾರ್ಮ್ಯಾಟ್ ‘ಓಪನ್‌ಬಾಕ್ಸ್3-ಪೈಪ್’ ಇರಲಿ. ಸುಮ್ನೆ ‘ಓಪನ್‌ಬಾಕ್ಸ್3’ ಎಂದು ಹಾಕಿದರೆ ಫೈಲ್‌ನಲ್ಲಿ ಉಳಿಸಿಡುವ ಬಗೆಯ ಮೆನು ಬರುತ್ತದೆ, ಪೈಪ್‌ಗೆ ಅದು ಒಗ್ಗುವುದಿಲ್ಲ. ಪೈಪ್ ಮೆನುವಿನ ಎಲ್ಲ ಸಾಲುಗಳೂ ‘ಓಪನ್‌ಬಾಕ್ಸ್_ಪೈಪ್_ಮೆನು’ ಟ್ಯಾಗ್ ಒಳಗೇ ಇರಬೇಕು. ಆದ್ದರಿಂದ ಕಮಾಂಡನ್ನು ಮೊದಲು ಟರ್ಮಿನಲ್‌ನಲ್ಲಿ ಓಡಿಸಿ, ಕಣ್ಣಾರೆ ನೋಡಿ. ಆ ಟ್ಯಾಗ್ ಕಾಣದಿದ್ದರೆ ಮುಂದೆ ಹೋಗಬೇಡಿ.

ಇನ್ನೊಂದು ಮಾತು. ಈ ಕಮಾಂಡ್ ಶೆಲ್ (ಟರ್ಮಿನಲ್‌ನಲ್ಲಿ ಕಮಾಂಡ್ ಓದಿ ಓಡಿಸುವ ಪ್ರೋಗ್ರಾಮ್) ಮೂಲಕ ಓಡುವುದಿಲ್ಲ. ಹಾಗಾಗಿ ಎರಡು ಕಮಾಂಡ್ ನಡುವಿನ ಪೈಪ್ ಗೆರೆ (|) ಇಲ್ಲಿ ನಡೆಯುವುದಿಲ್ಲ. ಅದು ಬೇಕೆಂದರೆ ಒಂದು ಪುಟ್ಟ ಸ್ಕ್ರಿಪ್ಟ್ ಮಾಡಿ, ಓಡಿಸುವ ಅನುಮತಿ ಕೊಟ್ಟು, ಪೂರ್ತಿ ಪಾಥ್ ಬರೆಯಿರಿ. ನೀವೇ ಬರೆದ ಸ್ಕ್ರಿಪ್ಟ್ ಆದರೆ ಹೆಸರುಗಳಲ್ಲಿ ಬರುವ & ಚಿಹ್ನೆಯ ಮೇಲೂ ಕಣ್ಣಿಡಿ. ಎಕ್ಸ್‌ಎಂಎಲ್‌ನಲ್ಲಿ ಅದನ್ನು ಹಾಗೇ ಬಿಡುವಂತಿಲ್ಲ. ಎಕ್ಸ್‌ಎಂಎಲ್ ಪರೀಕ್ಷಿಸುವ ಎಕ್ಸ್‌ಎಂಎಲ್‌ಲಿಂಟ್ ಟೂಲ್ ಇಂಥ ತಪ್ಪನ್ನು ಸಾಲಿನ ನಂಬರ್ ಸಮೇತ ತೋರಿಸುತ್ತದೆ.

ಕಮಾಂಡ್ ಬೇಗ ಮುಗಿಯಲೇಬೇಕು. ಅದು ಮುಗಿಯುವವರೆಗೂ ಓಪನ್‌ಬಾಕ್ಸ್ ಕಾಯುತ್ತದೆ. ಗೆಳೆಯರೊಬ್ಬರು ಎಕ್ಸಿಕ್ಯೂಟ್‌ನಲ್ಲಿ ಟರ್ಮಿನಲ್‌ನ ಹೆಸರನ್ನೇ ಹಾಕಿಬಿಟ್ಟಿದ್ದರು. ಮೌಸ್ ಬಾಣ ಓಡಾಡುತ್ತಿತ್ತು, ಯಾವ ಕ್ಲಿಕ್ಕೂ ತಾಗುತ್ತಿರಲಿಲ್ಲ. ಹಾಗಾದರೆ ರೀಸ್ಟಾರ್ಟ್ ಬೇಡ. ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿ, ತೆರೆಯುವ ಅಕ್ಷರ-ಪರದೆಯಲ್ಲಿ ಲಾಗಿನ್ ಆಗಿ ಆ ಪ್ರೋಗ್ರಾಮನ್ನು ಕಿಲ್ ಮಾಡಿದರೆ ಡೆಸ್ಕ್‌ಟಾಪ್ ಉಸಿರಾಡುತ್ತದೆ.

ಎಲ್ಲ ಸರಿಯಿದ್ದರೆ ಓಪನ್‌ಬಾಕ್ಸ್ ಕಮಾಂಡನ್ನು ರೀಕಾನ್ಫಿಗರ್ ಆಯ್ಕೆಯೊಂದಿಗೆ ಓಡಿಸಿ. ಲಾಗೌಟ್ ಬೇಕಿಲ್ಲ.

ಟರ್ಮಿನಲ್, ಫೈಲ್ ಮ್ಯಾನೇಜರ್, ಬ್ರೌಸರ್ ಮೂರನ್ನು ಮಾತ್ರ ಕೈಯಲ್ಲಿ ಬರೆದು ಮೆನುವಿನ ಮೇಲೆ ಇಡಿ. ಅದಕ್ಕಿಂತ ಜಾಸ್ತಿ ಬೇಡ. ಇಷ್ಟೆಲ್ಲ ಯಾಕೆ, ಹೆಸರು ಟೈಪ್ ಮಾಡಿದರೆ ಆಯ್ತಲ್ವಾ ಅನ್ನುವವರಿಗೆ ಹೆಸರು ಹುಡುಕಿ ಆ್ಯಪ್ ತೆರೆಯುವ ರೋಫಿ ಎಂಬ ಟೂಲ್ ಇದೆ. ಆದರೆ ಆ್ಯಪ್‌ನ ಹೆಸರೇ ಮರೆತಾಗ ಮೆನುವೇ ಗತಿ.

ಬೇಡದ ಆ್ಯಪ್ ಮೆನುವಿನಲ್ಲಿ ಕಂಡರೆ ಅದರ ಡೆಸ್ಕ್‌ಟಾಪ್ ಫೈಲನ್ನು ಹೋಮ್‌ನ ಡಾಟ್ ಲೋಕಲ್/ಶೇರ್/ಅಪ್ಲಿಕೇಶನ್ಸ್‌ಗೆ ಅದೇ ಹೆಸರಲ್ಲಿ ಕಾಪಿ ಮಾಡಿ, ‘ನೋಡಿಸ್‌ಪ್ಲೇ=ಟ್ರೂ’ (NoDisplay=true) ಸಾಲು ಸೇರಿಸಿ. ಮೂಲ ಫೈಲನ್ನು ಮುಟ್ಟಬೇಡಿ, ಮುಂದಿನ ಅಪ್‌ಡೇಟ್‌ನಲ್ಲಿ ನಿಮ್ಮ ಬದಲಾವಣೆ ಅಳಿಸಿಹೋಗುತ್ತದೆ.