ಕೈಕಟ್ಟಿ ಕುಳಿತ ನಾಲ್ಕು ತಿಂಗಳು

ಮಗಳು ಶಾಲೆಗೆ ಸೇರಲು ಇನ್ನು 4 ತಿಂಗಳಿದೆ ಎನ್ನುವಾಗ ಒಂದು ಬೆಳಿಗ್ಗೆ, ಅವಳು ಎದ್ದಾಗಿನಿಂದ ಮನೆ ಬಿಡುವವರೆಗೆ ನಾನು ಅವಳಿಗಾಗಿ ಮಾಡಿಕೊಡುವ ಕೆಲಸಗಳನ್ನು ಎಣಿಸಿದೆ, 17 ಇದ್ದವು. ಅಂಗಿ ತೊಡಿಸುವಾಗ ಅವಳು ಕಿಟಕಿಯ ಕಡೆ ನೋಡುತ್ತಾ ಒಂದೊಂದೇ ತೋಳು ಚಾಚುತ್ತಿದ್ದಳೇ ಹೊರತು, ಆ ಕೆಲಸ ತನ್ನದೆಂದು ಅವಳಿಗೆ ಅನ್ನಿಸಿದಂತೆ ಕಾಣಲಿಲ್ಲ. ಅಕ್ಷರ, ಅಂಕಿಗಳನ್ನು ಬದಿಗಿಟ್ಟು ಉಳಿದ ಸಮಯವನ್ನೆಲ್ಲ ಈ ಹದಿನೇಳಕ್ಕೇ ಕೊಡುವುದೆಂದು ತೀರ್ಮಾನಿಸಿದೆ. ಅಕ್ಷರ ಕಲಿಸಲು ಶಾಲೆಯಿದೆ. ಆದರೆ ಒಂದು ಕೋಣೆ ತುಂಬ ಮಕ್ಕಳಿರುವಾಗ ಒಬ್ಬ ಶಿಕ್ಷಕಿ ಎಷ್ಟು ಜನರ ಗುಂಡಿ ಹಾಕಿಯಾರು?

ಮೊದಲ ವಾರ ಪೂರ್ತಿ ಹಾಳಾಯಿತು. ಗಡಿಬಿಡಿಯ ಬೆಳಗಿನಲ್ಲೇ ಅಭ್ಯಾಸ ಆರಂಭಿಸಿದ್ದರಿಂದ, ಅವಳು ಒಂದು ಕಾಲುಚೀಲದೊಂದಿಗೆ ಸೆಣಸುತ್ತಿರುವಾಗ ನನ್ನ ಕಣ್ಣು ಗಡಿಯಾರದ ಮೇಲಿರುತ್ತಿತ್ತು, ಕೊನೆಗೆ ನಾನು ಕಸಿದುಕೊಂಡು ತೊಡಿಸುವುದು, ಅವಳು ಅಳುವುದು. ಆಮೇಲೆ ಅಭ್ಯಾಸವನ್ನು ಎಲ್ಲಿಗೂ ಹೋಗಬೇಕಿಲ್ಲದ ಸಂಜೆಗೆ ಬದಲಾಯಿಸಿದೆ. ಕ್ರಮವನ್ನೂ ತಿರುಗಿಸಿದೆ: ಕಾಲುಚೀಲವನ್ನು ಹಿಮ್ಮಡಿ ದಾಟುವವರೆಗೆ ನಾನೇ ಏರಿಸಿ, ಕೊನೆಯ ಎಳೆತವನ್ನಷ್ಟೇ ಅವಳಿಗೆ ಬಿಟ್ಟೆ. ಕೆಲಸ ಮುಗಿಯುವುದು ಅವಳ ಕೈಯಲ್ಲೇ ಆದ್ದರಿಂದ ಮುಗಿಸಿದ ಖುಷಿಯೂ ಅವಳದೇ ಆಗುತ್ತಿತ್ತು. ಅದು ಸಲೀಸಾದ ಮೇಲೆ ಹಿಮ್ಮಡಿಯಿಂದ, ಆಮೇಲೆ ಪಾದದ ನಡುವಿನಿಂದ, ಕೊನೆಗೆ ಬೆರಳ ತುದಿಯಿಂದ ಎಂದು ಒಂದೊಂದೇ ಹೆಜ್ಜೆ ಹಿಂದಕ್ಕೆ ಸರಿದೆವು. ಮೊದಲ ಹೆಜ್ಜೆಯಿಂದ ಕಲಿಸಹೊರಟರೆ ಮಗು ಕೆಲಸದ ಅರ್ಧದಲ್ಲೇ ಸೋತು ಕೂರುತ್ತದೆ, ಮುಗಿಸುವವರು ನಾವಾಗಿಬಿಡುತ್ತೇವೆ.

ಹೆಚ್ಚು ಕಾಡಿದ್ದು ಗುಂಡಿ. ದೊಡ್ಡವರಿಗೆ ಅದು ಒಂದೇ ಚಲನೆಯಂತೆ ತೋರುತ್ತದೆ. ಕೂತು ಗಮನಿಸಿದಾಗ, ಒಂದು ಕೈ ಗುಂಡಿಯನ್ನು ಓರೆ ಮಾಡಿ ಕಾಜದೊಳಗೆ ತೂರಿಸಬೇಕು, ಇನ್ನೊಂದು ಕೈ ಆಚೆ ಬದಿಯಲ್ಲಿ ಇಣುಕಿದ ಅಂಚನ್ನು ಹಿಡಿಯಬೇಕು, ಆ ಕೈ ಹಿಡಿಯುವವರೆಗೆ ಈ ಕೈ ಬಿಡಬಾರದು ಎಂಬುದು ತಿಳಿಯಿತು. ನನ್ನ ಮಗಳು ಪ್ರತಿ ಸಲವೂ ಒಂದು ಕ್ಷಣ ಮುಂಚೆ ಬಿಡುತ್ತಿದ್ದಳು. ಇಟಲಿಯ ಶಿಕ್ಷಣತಜ್ಞೆ ಮಾರಿಯಾ ಮಾಂಟೆಸ್ಸರಿಯವರು 1907ರಲ್ಲಿ ರೋಮ್‌ನಲ್ಲಿ ‘ಮಕ್ಕಳ ಮನೆ’ ಎಂಬ ಪುಟ್ಟ ಮಕ್ಕಳ ಶಾಲೆಯನ್ನು ಆರಂಭಿಸಿದರು. ಅವರ ಪದ್ಧತಿಯಲ್ಲಿ ಗುಂಡಿ ಹಾಕುವುದನ್ನು ಮೈಮೇಲಿನ ಬಟ್ಟೆಯಲ್ಲಲ್ಲ, ಚೌಕಟ್ಟಿಗೆ ಬಿಗಿದ ಬಟ್ಟೆಯಲ್ಲಿ ಕಲಿಸುತ್ತಾರೆ. ನಾನು ಚೌಕಟ್ಟು ಮಾಡಿಸಲಿಲ್ಲ. ದಪ್ಪ ಗುಂಡಿಗಳ ಹಳೆಯ ಅಂಗಿಯೊಂದನ್ನು ಮೇಜಿನ ಮೇಲೆ ಹರಡಿ, ಒಂದು ಮಾತೂ ಆಡದೆ ನಿಧಾನವಾಗಿ ಹಾಕಿ ತೋರಿಸಿದೆ. ಮಾತು ಸೇರಿಸಿದರೆ ಅವಳು ನನ್ನ ಕೈ ಬಿಟ್ಟು ಮುಖ ನೋಡುತ್ತಿದ್ದಳು. ಮೈಮೇಲಿನ ಅಂಗಿಗೆ ಬಂದಾಗ ಕೆಳಗಿನ ಗುಂಡಿಯಿಂದ ಆರಂಭಿಸಿದೆವು, ಏಕೆಂದರೆ ಕುತ್ತಿಗೆಯ ಗುಂಡಿ ಅವಳ ಕಣ್ಣಿಗೆ ಕಾಣುವುದೇ ಇಲ್ಲ. ಅಷ್ಟು ಹೊತ್ತು ನನ್ನ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರುತ್ತಿದ್ದೆ. ಹೊರಗಿದ್ದರೆ ಅವು ಸುಮ್ಮನಿರುತ್ತಿರಲಿಲ್ಲ.

ಕೆಲವು ತೊಡಕುಗಳಲ್ಲಿ ಮಗುವಿನ ತಪ್ಪೇನೂ ಇರುವುದಿಲ್ಲ, ವಸ್ತುವಿನದೇ ಇರುತ್ತದೆ. ಶಾಲೆಗೆಂದು ತಂದ ಊಟದ ಡಬ್ಬಿಯ ಮುಚ್ಚಳ ತೆಗೆಯಲು ನನ್ನ ಉಗುರೇ ಸೋತಿತು. ಅದನ್ನು ಎತ್ತಿಟ್ಟು ಸಡಿಲವಾದ ಹಳೆಯದನ್ನೇ ಕೊಟ್ಟೆ. ಲಾಡಿಯ ಬದಲು ಎಲಾಸ್ಟಿಕ್ ಇರುವ ಚಡ್ಡಿ ತಂದೆ. ಒಂದೇ ಚಿತ್ರವನ್ನು ಎರಡಾಗಿ ಕತ್ತರಿಸಿ ಎರಡೂ ಶೂಗಳ ಒಳಗೆ ಅಂಟಿಸಿದ್ದರಿಂದ, ಜೋಡಿಯನ್ನು ಸರಿಯಾಗಿಟ್ಟರೆ ಮಾತ್ರ ಚಿತ್ರ ಕೂಡುತ್ತಿತ್ತು, ಎಡಬಲದ ಗೊಂದಲ ಅಲ್ಲಿಗೆ ಮುಗಿಯಿತು. ಶೌಚದ ನಂತರ ಮುಂದಿನಿಂದ ಹಿಂದಕ್ಕೆ ಒರೆಸಿಕೊಳ್ಳುವುದು ಮತ್ತು ಸೋಪು ಹಚ್ಚಿ 20 ಸೆಕೆಂಡು ಕೈ ಉಜ್ಜುವುದು ಮಾತ್ರ ದಿನವೂ ನೆನಪಿಸಿಯೇ ರೂಢಿಯಾದವು.

ನಾನು ತಡವಾಗಿ ಕಂಡುಕೊಂಡ ಕೊರತೆ ಬೇರೆಯೇ ಆಗಿತ್ತು. ನೆಂಟರೊಬ್ಬರ ಮನೆಯಲ್ಲಿ ಒಂದು ತಾಸು ಅವಳನ್ನು ಬಿಟ್ಟು ಹೋಗಿ ಬರುವಷ್ಟರಲ್ಲಿ ಅವಳ ಚಡ್ಡಿ ಒದ್ದೆಯಾಗಿತ್ತು. ಒಂದಕ್ಕೆ ಹೋಗುವುದು ಅವಳಿಗೆ ಬರುತ್ತಿತ್ತು, ಹೇಳುವುದು ಬರುತ್ತಿರಲಿಲ್ಲ. ಅವಳು ಕಾಲು ಅದಲುಬದಲು ಮಾಡಿದರೆ ಸಾಕು, ನಾನೇ ಎತ್ತಿಕೊಂಡು ಓಡುತ್ತಿದ್ದೆ. ಮುಖ ನೋಡಿಯೇ ನೀರು ಕೊಡುತ್ತಿದ್ದೆ. ಅವಳು ಬಾಯಿ ತೆರೆಯುವ ಮೊದಲೇ ನಾನು ಅರ್ಥಮಾಡಿಕೊಳ್ಳುತ್ತಿದ್ದುದರಿಂದ ಬಾಯಿ ತೆರೆಯುವ ಅಗತ್ಯವೇ ಅವಳಿಗೆ ಬಂದಿರಲಿಲ್ಲ. ಅಂದಿನಿಂದ ಅರ್ಥವಾದರೂ ಅರ್ಥವಾಗದವಳಂತೆ ಕಾಯತೊಡಗಿದೆ. ತಾಯಿಯಾದವಳಿಗೆ ಇದು ಗುಂಡಿಗಿಂತ ಕಷ್ಟದ ಅಭ್ಯಾಸ. ಬಾಟಲಿ ಮುಂದಿಟ್ಟು ಅವಳು ಸುಮ್ಮನೆ ನಿಂತಾಗ ನಾನು “ಏನು ಬೇಕು ಪುಟ್ಟಿ?” ಎಂದಷ್ಟೇ ಕೇಳುತ್ತಿದ್ದೆ. ಸುಮಾರು ಮೂರು ವಾರಗಳಾದ ಮೇಲೆ “ಅಮ್ಮ, ಮುಚ್ಚಳ ಗಟ್ಟಿ ಇದೆ, ಸ್ವಲ್ಪ ತೆಗೆದುಕೊಡು” ಎಂಬ ಪೂರ್ತಿ ವಾಕ್ಯ ಬಂತು.

ನಡುವೆ ಜ್ವರ ಬಂದು ಒಂದು ವಾರ ಮಲಗಿದಾಗ ಎಲ್ಲವೂ ಮೊದಲಿನ ಸ್ಥಿತಿಗೆ ಮರಳಿದವು. ಬೈಯದೆ, ಮತ್ತೆ ಕೊನೆಯ ಎಳೆತದಿಂದ ಆರಂಭಿಸಿದೆವು, ಈ ಸಲ ಬೇಗ ಸಾಗಿತು. ಶಾಲೆ ಸೇರುವ ಹೊತ್ತಿಗೆ ಹದಿನೇಳರಲ್ಲಿ ಹನ್ನೆರಡು ಅವಳ ಪಾಲಿಗೆ ಬಂದಿದ್ದವು. ಜಿಪ್‌ನ ಬುಡವನ್ನು ಜೋಡಿಸುವುದು ಈಗಲೂ ಅವಳಿಗೆ ಬರುವುದಿಲ್ಲ. ಶಾಲೆಯಲ್ಲಿ ಶಿಕ್ಷಕಿಯ ಮುಂದೆ ಹೋಗಿ ನಿಂತು, “ಮಿಸ್, ಇದನ್ನು ಸೇರಿಸಿಕೊಡಿ, ಮೇಲೆ ನಾನೇ ಎಳೆದುಕೊಳ್ಳುತ್ತೇನೆ” ಎನ್ನುತ್ತಾಳಂತೆ.